ಕಪಾಟಿನಲ್ಲೇ ಹಳಸುವ ಕೊಲೆಗಳು

ಓದದೆ ಉಳಿದ ಪುಸ್ತಕಗಳ ಲೆಕ್ಕ ಹಾಕಿ ಕೊರಗುವ ಪೋಸ್ಟ್‌ಗಳು ಬೇಕಾದಷ್ಟು ಬರುತ್ತವೆ. ಆ ಕೊರಗಿನಲ್ಲಿ ನನಗೆ ಆಸಕ್ತಿ ಇಲ್ಲ. ಕಾವ್ಯವೋ ಇತಿಹಾಸವೋ ಇಪ್ಪತ್ತು ವರ್ಷ ಕಪಾಟಿನಲ್ಲಿ ಕೂತರೂ ಏನೂ ಕಳೆದುಕೊಳ್ಳುವುದಿಲ್ಲ. ಪತ್ತೇದಾರಿ ಕಾದಂಬರಿ ಹಾಗಲ್ಲ. ಅದರ ಜೀವ ಇರುವುದೇ ಒಂದು ಗುಟ್ಟಿನಲ್ಲಿ, ಆ ಗುಟ್ಟು ಯಾವ ಕಡೆಯಿಂದ ಬೇಕಾದರೂ ಸೋರಬಹುದು. ಆದ್ದರಿಂದ ಮುಂದೆ ಯಾವುದನ್ನು ಓದಲಿ ಅಂತ ಮೂಡ್ ಕೇಳಬೇಡಿ, ಯಾವುದು ಬೇಗ ಹಳಸುತ್ತೆ ಅಂತ ನೋಡಿ.

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ನಿಂತಿರುವುದು ಒಂದೇ ತಿರುವಿನ ಮೇಲೆ. ಸುಮಾರು ನೂರು ವರ್ಷದಿಂದ ಜನ ಅದನ್ನು ಬಾಯಿಬಿಡುತ್ತಲೇ ಇದ್ದಾರೆ. ನಿಮಗಿನ್ನೂ ಗೊತ್ತಾಗಿಲ್ಲ ಅಂದರೆ ಅದು ಅದೃಷ್ಟ. ಈ ವಾರವೇ ಓದಿ ಮುಗಿಸಿ. ಫ್ರೆಡರಿಕ್ ಫೋರ್ಸೈತ್‌ನ ‘ದಿ ಡೇ ಆಫ್ ದಿ ಜಾಕಲ್’ (1971) ಇದಕ್ಕೆ ತದ್ವಿರುದ್ಧ. ಅದರಲ್ಲಿ ಬಾಡಿಗೆ ಹಂತಕನೊಬ್ಬ ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಹೊರಡುತ್ತಾನೆ. ಡಿ ಗಾಲ್ ಯಾರ ಗುಂಡಿಗೂ ಬಲಿಯಾಗದೆ 1970ರಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡರು ಅನ್ನುವುದು ಪುಸ್ತಕ ಬಂದ ದಿನವೇ ಎಲ್ಲರಿಗೂ ಗೊತ್ತಿತ್ತು. ಆದರೂ ಪುಟ ತಿರುಗಿಸುವ ಬೆರಳು ನಿಲ್ಲಲ್ಲ, ಯಾಕೆಂದರೆ ಅಲ್ಲಿನ ಕುತೂಹಲ ‘ಏನಾಯ್ತು’ ಅನ್ನುವುದರಲ್ಲಿ ಇಲ್ಲ, ‘ಹೇಗೆ ಮಾಡ್ತಾನೆ, ಎಲ್ಲಿ ತಪ್ತಾನೆ’ ಅನ್ನುವುದರಲ್ಲಿದೆ. ಇಂಥ ಪುಸ್ತಕ ಹತ್ತು ವರ್ಷ ಕಾದರೂ ಕೆಡುವುದಿಲ್ಲ. ಕೇಗೋ ಹಿಗಾಶಿನೋ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (2005) ಮಾತ್ರ ಮೋಸ ಮಾಡುತ್ತೆ. ಕೊಲೆ ಮಾಡಿದ್ದು ಯಾರು ಅಂತ ಆರಂಭದಲ್ಲೇ ತೋರಿಸಿಬಿಡುವುದರಿಂದ ಇನ್ನು ಸೋರುವುದಕ್ಕೇನಿದೆ ಅನ್ನಿಸುತ್ತೆ. ಇದೆ, ಕೊನೆಯಲ್ಲಿದೆ. ಅದನ್ನೂ ‘ತುರ್ತು’ ಸಾಲಿಗೇ ಸೇರಿಸಿ.

ಸೋರಿಕೆ ಅಂದರೆ ಸಿನಿಮಾ, ವೆಬ್ ಸರಣಿ, ಬಾಯಿಬಡುಕ ಗೆಳೆಯರು ಅಷ್ಟೇ ಅಂದುಕೊಂಡಿದ್ದರೆ ತಪ್ಪು. ಕಪಾಟಿನ ಒಂದು ಪುಸ್ತಕವೇ ಇನ್ನೊಂದರ ಗುಟ್ಟು ಹೇಳುತ್ತೆ. ಕ್ರಿಸ್ಟಿಯದೇ ‘ಕಾರ್ಡ್ಸ್ ಆನ್ ದಿ ಟೇಬಲ್’ನಲ್ಲಿ (1936) ಅವರ ಪತ್ತೇದಾರ ಪೊಯ್ರೊ ಆಡುವ ಒಂದು ಮಾತು ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನ (1934) ಪರಿಹಾರವನ್ನೇ ಬಿಟ್ಟುಕೊಡುತ್ತದೆ. ‘ಡಂಬ್ ವಿಟ್ನೆಸ್’ (1937) ಇನ್ನೂ ಅಪಾಯಕಾರಿ: ಹಿಂದಿನ ನಾಲ್ಕು ಕಾದಂಬರಿಗಳ ಕೊಲೆಗಾರರ ಹೆಸರನ್ನು ಪೊಯ್ರೊ ಒಂದೇ ಉಸಿರಿಗೆ ಹೇಳಿಬಿಡುತ್ತಾನೆ, ಆ ನಾಲ್ಕರಲ್ಲಿ ‘ಆಕ್ರಾಯ್ಡ್’ ಕಾದಂಬರಿಯೂ ಒಂದು. ಗೂಢಚಾರರ ಕಥೆಗಳಲ್ಲೂ ಇದೇ ಪಾಡು. ಜಾನ್ ಲೆ ಕಾರೆಯ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ (1974) ಇಡೀ ಪುಸ್ತಕ ಹುಡುಕುವ ದ್ರೋಹಿ ಯಾರೆಂಬುದು ಮುಂದಿನ ‘ದಿ ಆನರಬಲ್ ಸ್ಕೂಲ್‌ಬಾಯ್’ನ (1977) ಆರಂಭದಲ್ಲೇ ಬಯಲಾಗಿರುತ್ತೆ. ಎರಡೂ ಓದದೆ ಉಳಿದಿದ್ದರೆ ಎರಡನೆಯದನ್ನು ಕೈಗೆಟುಕದ ಮೇಲಿನ ಹಲಗೆಗೆ ಹಾಕಿ.

ಇಲ್ಲಿಂದಲೇ ಸರಣಿಯ ತಲೆನೋವು ಶುರು. ಸಿಕ್ಕಿದ್ದನ್ನು ಕೊಳ್ಳುವವರ ಕಪಾಟಿನಲ್ಲಿ ಮೂರನೆಯದೂ ಏಳನೆಯದೂ ಇರುತ್ತೆ, ಮೊದಲನೆಯದು ಇರಲ್ಲ. ಅನುವಾದದಲ್ಲಿ ಬಂದ ಸರಣಿಯಾದರೆ ಗೊಂದಲ ಇಮ್ಮಡಿ. ನಾರ್ವೆಯ ಯೂ ನೆಸ್ಬೊ ಅವರ, ಹ್ಯಾರಿ ಹೋಲ್ ಎಂಬ ಪೊಲೀಸ್ ಪತ್ತೇದಾರನ ಸರಣಿಯಲ್ಲಿ ಇಂಗ್ಲಿಷಿಗೆ ಮೊದಲು ಬಂದದ್ದು ಐದನೆಯ ಪುಸ್ತಕ, ‘ದಿ ಡೆವಿಲ್ಸ್ ಸ್ಟಾರ್’. ಮೂಲದಲ್ಲಿ 1997ರ ‘ದಿ ಬ್ಯಾಟ್’ ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು 2012ರಲ್ಲಿ. ಇಂಗ್ಲಿಷ್ ಪ್ರತಿಯ ಇಸವಿ ನೋಡಿ ಜೋಡಿಸಿದವರು, ಮೂರನೆಯ ಪುಸ್ತಕದಲ್ಲಿ ಶುರುವಾಗುವ ಎಳೆಯ ತುದಿಯನ್ನು ಐದನೆಯದರಲ್ಲಿ ಮೊದಲೇ ಓದಿ ಕೈಸುಟ್ಟುಕೊಂಡರು. ಹಕ್ಕುಸ್ವಾಮ್ಯದ ಪುಟದಲ್ಲಿ ಮೂಲ ಭಾಷೆಯ ಪ್ರಕಟಣೆಯ ವರ್ಷ ಸಣ್ಣಕ್ಷರದಲ್ಲಿ ಇರುತ್ತೆ. ಅದನ್ನು ಪೆನ್ಸಿಲ್‌ನಲ್ಲಿ ಒಳಹಾಳೆಯ ಮೂಲೆಗೆ ಬರೆದು, ಆ ಪ್ರಕಾರ ಜೋಡಿಸಿ.

ಹಾಗಂತ ಎಲ್ಲ ಸರಣಿಗೂ ಇಷ್ಟು ಮಡಿ ಬೇಕಿಲ್ಲ. ಪ್ಯಾರಿಸ್ ಪೊಲೀಸ್ ಅಧಿಕಾರಿ ಮೆಗ್ರೆಯ ಮೇಲೆ ಸಿಮೆನೋನ್ ಬರೆದ 75 ಕಾದಂಬರಿಗಳಲ್ಲಿ ಯಾವುದನ್ನು ಬೇಕಾದರೂ ಮೊದಲು ಹಿಡಿಯಬಹುದು, ಹೆಚ್ಚಿನವು ಒಂದು ಸಂಜೆಗೆ ಮುಗಿಯುವಂಥವು. ಶೋವಾಲ್ ಮತ್ತು ವಾಲೂ ಜೋಡಿಯ ಮಾರ್ಟಿನ್ ಬೆಕ್ ಸರಣಿ (1965–1975) ಮಾತ್ರ ಹತ್ತೂ ಪುಸ್ತಕ ಸಾಲಾಗಿ ಓದಬೇಕು. ಪೊಲೀಸರ ವಯಸ್ಸು, ಮದುವೆ, ಸಾವು ಎಲ್ಲವೂ ಅಲ್ಲಿ ಮುಂದೆ ಮುಂದೆ ಸಾಗುತ್ತವೆ. ಸ್ಯೂ ಗ್ರಾಫ್ಟನ್ ಪುಣ್ಯ ಕಟ್ಟಿಕೊಂಡರು, ಶೀರ್ಷಿಕೆಯಲ್ಲೇ ಎ, ಬಿ, ಸಿ ಇಟ್ಟುಬಿಟ್ಟರು. 1982ರಲ್ಲಿ ಶುರುವಾದದ್ದು 2017ರಲ್ಲಿ ‘ವೈ’ಗೆ ಬಂದು ನಿಂತಿತು, ‘ಝಡ್’ ಬರೆಯಲು ಅವರು ಉಳಿಯಲಿಲ್ಲ.

ಒಂದೇ ಪುಸ್ತಕ ಎರಡು ಹೆಸರಲ್ಲಿ ಮನೆ ಸೇರುವುದೂ ಉಂಟು. ಕ್ರಿಸ್ಟಿಯ ‘ಲಾರ್ಡ್ ಎಡ್ಜ್‌ವೇರ್ ಡೈಸ್’ ಅಮೆರಿಕದಲ್ಲಿ ‘ಥರ್ಟೀನ್ ಅಟ್ ಡಿನ್ನರ್’ ಆಯಿತು. ‘4.50 ಫ್ರಮ್ ಪ್ಯಾಡಿಂಗ್ಟನ್’ಗೂ ಅಲ್ಲಿ ಬೇರೆಯೇ ಹೆಸರು. ಕೊಳ್ಳುವ ಮುನ್ನ ಮೊದಲ ಪುಟದ ಹಿಂಬದಿ ನೋಡಿ, ಹಳೆಯ ಹೆಸರು ಹೆಚ್ಚಾಗಿ ಅಲ್ಲೇ ಅಚ್ಚಾಗಿರುತ್ತೆ.

ಇನ್ನು ಪುಸ್ತಕ ತೆರೆಯುವ ವಿಷಯ. ಬೆನ್ನುಡಿಯ ಮೊದಲೆರಡು ಸಾಲು ಸಾಕು. ಎರಡನೇ ಪ್ಯಾರಾದಲ್ಲಿ ‘ಆದರೆ ಮತ್ತೊಂದು ಹೆಣ ಸಿಕ್ಕಾಗ’ ಅಂತ ಇದ್ದರೆ ಆ ಹೆಣ ಅರ್ಧ ಪುಸ್ತಕ ದಾಟಿದ ಮೇಲೆ ಸಿಗುವಂಥದ್ದೂ ಆಗಿರಬಹುದು. ಹಳೆಯ ಕೃತಿಗಳ ಮರುಮುದ್ರಣಕ್ಕೆ ವಿದ್ವಾಂಸರು ಬರೆದ ಮುನ್ನುಡಿಯನ್ನು ಹಿನ್ನುಡಿ ಅಂತಲೇ ತಿಳಿಯಿರಿ, ಕಥೆ ಎಲ್ಲರಿಗೂ ಗೊತ್ತು ಎಂಬ ಭಾವದಲ್ಲೇ ಅವರು ಬರೆಯುತ್ತಾರೆ. ಮುಂದಿನ ಪುಸ್ತಕದ ಮೊದಲ ಅಧ್ಯಾಯವನ್ನು ಕೊನೆಯಲ್ಲಿ ಅಂಟಿಸುವ ಚಾಳಿ ನನಗಂತೂ ಸಿಟ್ಟು ತರಿಸುತ್ತೆ. ಬಲಗೈಯಲ್ಲಿ ಇನ್ನೂ ಇಪ್ಪತ್ತು ಪುಟದ ದಪ್ಪ ಇದೆ ಅಂತ ನಂಬಿ ಓದುತ್ತಿರುವಾಗ ಕಥೆ ದಿಢೀರಂತ ಮುಗಿದುಹೋಗಿರುತ್ತೆ. ಯಾರು ಬದುಕುಳಿದರು ಅನ್ನುವುದೂ ಅಲ್ಲೇ ಗೊತ್ತಾಗುತ್ತೆ. ಆ ಹಾಳೆಗಳನ್ನು ಮೊದಲೇ ಕ್ಲಿಪ್ ಹಾಕಿ ಮುಚ್ಚಿಬಿಡಿ.

ಗಂಟೆಗೆ 40 ಪುಟದ ವೇಗದಲ್ಲಿ 400 ಪುಟಕ್ಕೆ 10 ಗಂಟೆ ಬೇಕು. ಸುಳಿವುಗಳ ಆಟ ಆಡುವ ಪುಸ್ತಕವಾದರೆ ಆ ಹತ್ತು ಗಂಟೆಯನ್ನು ನಾಲ್ಕೈದು ದಿನದೊಳಗೆ ಹೊಂದಿಸಿ. ತಿಂಗಳುಗಟ್ಟಲೆ ಎಳೆದರೆ ಮೂರನೇ ಅಧ್ಯಾಯದ ನಿಂತ ಗಡಿಯಾರ ಕೊನೆಯ ಅಧ್ಯಾಯದ ಹೊತ್ತಿಗೆ ಮರೆತೇ ಹೋಗಿರುತ್ತೆ, ಪತ್ತೇದಾರ ಬಿಡಿಸಿ ಹೇಳಿದಾಗ ಬೆರಗಿನ ಬದಲು ‘ಹೌದಾ’ ಅನ್ನಿಸುತ್ತೆ. ಪಾತ್ರಗಳು ಹತ್ತು ದಾಟಿದರೆ ಹೆಸರು, ಸಂಬಂಧ, ಕೊಲೆಯ ಹೊತ್ತಿಗೆ ಎಲ್ಲಿದ್ದರು ಅನ್ನುವುದನ್ನು ಬುಕ್‌ಮಾರ್ಕ್ ಚೀಟಿಯಲ್ಲೇ ಗೀಚಿಡಿ. ಥ್ರಿಲ್ಲರ್ ಓದುವವರಿಗೆ ಬೇರೆ ಉಪಾಯ: ಮಲಗುವಾಗ ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ. ಕೊಕ್ಕೆ ಇರುವುದೇ ಅಲ್ಲಿ. ಅಧ್ಯಾಯದ ನಡುವೆ, ಯಾರೋ ಕಾರು ಓಡಿಸುವಾಗಲೋ ಕಾಫಿ ಕುಡಿಯುವಾಗಲೋ ಮುಚ್ಚಿಡಿ.

ಕಾಗದದ ವಿಷಯ ಚಿಕ್ಕದು. ಅಗ್ಗದ ಪೇಪರ್‌ಬ್ಯಾಕ್‌ನ ಹಾಳೆಯಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತೆ, ಬೆಳಕು ತಾಗಿದರೆ ಹಳದಿಯಾಗುತ್ತೆ. ಬೆನ್ನಿನ ಅಂಟು ವರ್ಷ ಕಳೆದಂತೆ ಪೆಡಸಾಗುತ್ತೆ. ವರ್ಷಗಟ್ಟಲೆ ತೆರೆಯದ ದಪ್ಪ ಪುಸ್ತಕವನ್ನು ಏಕಾಏಕಿ ನಡುವೆ ಬಿಚ್ಚಿದರೆ ಲಟಕ್ ಅಂತ ಎರಡು ಹೋಳು. ಮುಂದಿನಿಂದ ಕೆಲವು ಹಾಳೆ, ಹಿಂದಿನಿಂದ ಕೆಲವು ಹಾಳೆ ಮೆಲ್ಲಗೆ ಒತ್ತುತ್ತಾ ಮಧ್ಯಕ್ಕೆ ಬನ್ನಿ. ಎರಡು ಸಾಲು ಜೋಡಿಸುವುದಾದರೆ ಹಿಂದಿನ ಸಾಲಿಗೆ ಹಳಸದವನ್ನು ಹಾಕಿ, ಆಕ್ರಾಯ್ಡ್ ಥರದವು ಕಣ್ಣೆದುರೇ ಇರಲಿ.

ಸೆಕೆಂಡ್ ಹ್ಯಾಂಡ್ ಪ್ರತಿಯಾದರೆ ಇನ್ನೊಂದು ಕೆಲಸ ಇದೆ. ಪಾತ್ರಗಳ ಪಟ್ಟಿಯಲ್ಲಿ ಒಂದು ಹೆಸರಿಗೆ ವೃತ್ತ ಸುತ್ತಿ ‘ಇವನೇ’ ಅಂತ ಬರೆದು ಖುಷಿಪಡುವ ಕಿಡಿಗೇಡಿಗಳು ಇದ್ದಾರೆ. ಮೊದಲ ಹತ್ತು ಪುಟವನ್ನು ನೀವು ತೆರೆಯುವ ಮೊದಲು, ಪತ್ತೇದಾರಿ ಓದದ ಮನೆಯವರ ಕೈಗೆ ಪುಸ್ತಕದ ಜೊತೆ ಒಂದು ರಬ್ಬರ್ ಕೊಡಿ.