ಸ್ಪಷ್ಟನೆ: ಆ ಎಐ ರೋಗಿಯ ಬಣ್ಣ ನೋಡಿರಲಿಲ್ಲ

‘ಅಮೆರಿಕದಲ್ಲಿ ಎಐ ಬಣ್ಣ ನೋಡಿ ಕಪ್ಪು ರೋಗಿಗಳಿಗೆ ಚಿಕಿತ್ಸೆಯನ್ನೇ ನಿರಾಕರಿಸಿತು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಅದು ಹಾಗಲ್ಲ.

ಇದರ ಮೂಲ 2019ರ ಅಕ್ಟೋಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಝಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಮಾಡಿದ್ದು. ಸಂದೇಶದಲ್ಲಿ ‘ಎಐ’ ಎಂದಿರುವುದು ಅಲ್ಲಿನ ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಸಾಫ್ಟ್‌ವೇರ್. ಅದು ಯಾರಿಗೆ ಹೆಚ್ಚುವರಿ ಆರೈಕೆ ಬೇಕು ಎಂದು ಅಂಕ ಕೊಡುತ್ತಿತ್ತು, ಅಷ್ಟೆ. ಅದಕ್ಕೆ ಜನಾಂಗದ ಮಾಹಿತಿಯನ್ನೇ ಕೊಟ್ಟಿರಲಿಲ್ಲ.

ಹಾಗಂತ ಅದು ಸರಿಯಿತ್ತು ಅಂತಲ್ಲ. ಕಾಯಿಲೆ ಎಷ್ಟಿದೆ ಎಂದು ನೋಡುವ ಬದಲು, ಮುಂದೆ ಖರ್ಚು ಎಷ್ಟಾದೀತು ಎಂದು ಅದು ಲೆಕ್ಕ ಹಾಕುತ್ತಿತ್ತು. ಎಡವಟ್ಟಾಗಿದ್ದು ಇಲ್ಲೇ. ಇಬ್ಬರಿಗೂ ಸಕ್ಕರೆ ಕಾಯಿಲೆ, ಬಿಪಿ ಇದೆ ಅನ್ನಿ. ಆಸ್ಪತ್ರೆ ದೂರ, ಕೆಲಸಕ್ಕೆ ರಜೆ ಸಿಗಲ್ಲ, ಡಾಕ್ಟರ ಮೇಲೆ ನಂಬಿಕೆಯಿಲ್ಲ ಎಂದು ಒಬ್ಬರು ಹೋಗುವುದೇ ಕಮ್ಮಿ. ಬಿಲ್ ಕಮ್ಮಿ, ಹಾಗಾಗಿ ಅಂಕವೂ ಕಮ್ಮಿ. ಕಪ್ಪು ರೋಗಿಗಳಿಗೆ ಆಗಿದ್ದು ಇದೇ. ಬಣ್ಣ ನೋಡಿದ್ದರೆ ಕಳ್ಳ ಬೇಗ ಸಿಗುತ್ತಿದ್ದ, ಅಲ್ವಾ? ಇದು ಸುಮ್ನೆ ಬಿಲ್ಲಿನ ಹಿಂದೆ ಅಡಗಿತ್ತು.

ಹೆಚ್ಚುವರಿ ಆರೈಕೆಗೆ ತಾನಾಗಿ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳು ಶೇ 17.7 ಇದ್ದರು. ಈ ಓರೆ ಸರಿಪಡಿಸಿದರೆ ಶೇ 46.5 ಆಗಬೇಕಿತ್ತು. ಖರ್ಚಿನ ಜೊತೆ ಕಾಯಿಲೆಯನ್ನೂ ಸೇರಿಸಿ ನೋಡಿದಾಗ ತಾರತಮ್ಯ ಶೇ 84ರಷ್ಟು ತಗ್ಗಿತು.