ಹಿರಿಯರ ಕುರ್ಚಿ ಗಂಡಸರಿಗೆ ಮಾತ್ರಾನಾ?

ಡಲ್ಲಾಸ್‌ನಲ್ಲಿ ನಾವು ಹೋಗುವ ಚರ್ಚು ಬೈಬಲ್ಲಿಗೂ ಸ್ವಂತ ನಂಬಿಕೆಗೂ ಒತ್ತು ಕೊಡುವ ಪ್ರೊಟೆಸ್ಟಂಟರ ಒಂದು ಇವ್ಯಾಂಜೆಲಿಕಲ್ ನೆಟ್‌ವರ್ಕಿಗೆ ಸೇರಿದ್ದು. ಬಿಷಪ್ ಇಲ್ಲ, ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್ ಇಲ್ಲ, ಅಯ್ಯನವರನ್ನು, ಅಂದರೆ ಪಾದ್ರಿಯನ್ನು, ವರ್ಗ ಮಾಡುವವರೂ ಇಲ್ಲ. ಒಂದೊಂದು ಸಭೆಯೂ, ಅಂದರೆ ಒಂದೊಂದು ಚರ್ಚಿನ ಜನರೂ, ತನ್ನ ಪಾಡಿಗೆ ತಾನು ನಡೆಯುತ್ತದೆ. ಎಲ್ಲರನ್ನೂ ಕಟ್ಟಿ ಹಿಡಿದಿರುವುದು ನಂಬಿಕೆಯ ಒಂದು ಹೇಳಿಕೆ ಮತ್ತು ‘ನಮ್ಮ ಮೌಲ್ಯಗಳು’ ಅನ್ನುವ ಒಂದು ಪಟ್ಟಿ. ಸದಸ್ಯರಾಗಬೇಕಾದರೆ ಎರಡನ್ನೂ ಓದಿ ಸಹಿ ಹಾಕಬೇಕು. ಕೋಲಾರದ ಮೆಥೊಡಿಸ್ಟ್ ಮನೆಯಲ್ಲಿ ಹುಟ್ಟಿದವನಿಗೆ ಇದು ಹೊಸದು. ನಮ್ಮಲ್ಲಿ ಚರ್ಚಿನಲ್ಲಿ ಸಹಿ ಹಾಕೋದು ಅಂದರೆ ಮದುವೆ ರಿಜಿಸ್ಟರಿಗೆ, ಇಲ್ಲವೇ ಕಮಿಟಿ ಎಲೆಕ್ಷನ್ ದಿನ.

ನಂಬಿಕೆಯ ಹೇಳಿಕೆ ಬಗ್ಗೆ ನನ್ನದೇನೂ ತಕರಾರಿಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರು. ಬದುಕಿಗೂ ಬೋಧನೆಗೂ ಬೈಬಲ್ಲೇ ಕಡೇ ಮಾತು. ಯೇಸು ನಮ್ಮ ಪಾಪಕ್ಕಾಗಿ ಶಿಲುಬೆ ಮೇಲೆ ಸತ್ತು ಮೂರನೇ ದಿನ ಎದ್ದು ಬಂದ. ರಕ್ಷಣೆ ನಾವು ದುಡಿದು ಗಳಿಸುವುದಲ್ಲ, ಕೃಪೆಯಿಂದ ಸಿಗುವುದು. ಆತ ತಿರುಗಿ ಬರುತ್ತಾನೆ. ಬ್ರಿಟನ್ನಿನ ಇತಿಹಾಸಕಾರ ಡೇವಿಡ್ ಬೆಬಿಂಗ್ಟನ್ 1989ರಲ್ಲಿ ಇವ್ಯಾಂಜೆಲಿಕಲ್ ಜನರಿಗೆ ನಾಲ್ಕು ಗುರುತು ಹೇಳಿದ್ದರು: ಬೈಬಲ್ಲು, ಶಿಲುಬೆ, ಮನಸ್ಸು ತಿರುಗಿ ಹೊಸದಾಗಿ ಹುಟ್ಟುವುದು, ಸುವಾರ್ತೆಗಾಗಿ, ಅಂದರೆ ಯೇಸುವಿನ ಶುಭ ಸಂದೇಶ ಸಾರುವುದಕ್ಕಾಗಿ, ಓಡಾಡಿ ದುಡಿಯುವುದು. ಇದರಲ್ಲಿ ನಮ್ಮಜ್ಜಿ ಬೇಡ ಅನ್ನುವಂಥದ್ದು ಒಂದೂ ಇಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ನಮ್ಮ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಎದೆ ನಂಬಿಕೆಯಿಂದ ಬೆಚ್ಚಗಾಯಿತಲ್ಲ, ಆ ಕತೆಯನ್ನು ನಾವು ಸಂಡೇಸ್ಕೂಲಿನಲ್ಲೇ ಕೇಳಿದವರು. ಇವರದೂ ನಮ್ಮದೂ ಬೇರು ಒಂದೇ ಕಡೆ.

ದೀಕ್ಷಾಸ್ನಾನದಲ್ಲಿ ಮಾತ್ರ ದಾರಿ ಬೇರೆ. ಕೋಲಾರದಲ್ಲಿ ಕೂಸಿನ ತಲೆಗೆ ನೀರು, ಇಲ್ಲಿ ತಿಳಿವಳಿಕೆ ಬಂದವರನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುವುದು. ಆ ಜಗಳ ಬಹಳ ಹಳೇದು, ಇಲ್ಲಿ ಬೇಡ.

ಇಲ್ಲಿಯವರ ಒಂದು ಪದ್ಧತಿ ನನಗೆ ತುಂಬಾ ಹಿಡಿಸಿತು. ಸದಸ್ಯರಾಗುವ ಮೊದಲು ಇಬ್ಬರು ಕೂತು ನಿಮ್ಮ ಸಾಕ್ಷಿ ಕೇಳುತ್ತಾರೆ. ನೀವು ಯೇಸುವನ್ನು ಹೇಗೆ ನಂಬಿದಿರಿ, ಅದರಿಂದ ಏನು ಬದಲಾಯಿತು, ನಿಮ್ಮ ಬಾಯಲ್ಲೇ ಹೇಳಿ ಅಂತಾರೆ. ಕೋಲಾರದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ‘ಯಾರ ಮನೆ ಹುಡುಗ?’ ಅಂತ ಕೇಳುತ್ತಿದ್ದರು, ಅಪ್ಪನ ಹೆಸರು ಹೇಳಿದರೆ ಮುಗೀತು. ಮೂರು ತಲೆಮಾರಿನಿಂದ ಕ್ರೈಸ್ತರು ಅನ್ನೋದು ಮನೆತನದ ಮಾತಾಯಿತೇ ಹೊರತು ನಂಬಿಕೆಯ ಮಾತಾಗಲಿಲ್ಲ. ಈ ವಿಷಯದಲ್ಲಿ ಊರಿನವರು ಇವರಿಂದ ಕಲಿಯಬೇಕು.

ನನ್ನ ತಕರಾರು ಮೌಲ್ಯಗಳ ಪಟ್ಟಿಯ ಬಗ್ಗೆ. ಪ್ರಾರ್ಥನೆ, ಮನೆಗಳಲ್ಲಿ ಸೇರುವ ಚಿಕ್ಕ ಗುಂಪು, ಧಾರಾಳ ಕಾಣಿಕೆ, ಹೊಸ ಸಭೆಗಳನ್ನು ನೆಡುವುದು, ಎಲ್ಲ ಸರಿ. ನಡುವೆ ಒಂದು ಸಾಲು: ಸಭೆಯ ಹಿರಿಯರು, ಅಂದರೆ ಸಭೆಯನ್ನು ನಡೆಸುವ ಮುಖಂಡರು, ಗಂಡಸರೇ ಆಗಿರಬೇಕು. ಇದಕ್ಕೆ ಕಾಂಪ್ಲಿಮೆಂಟೇರಿಯನ್ ಅಂತ ಹೆಸರು. ಗಂಡೂ ಹೆಣ್ಣೂ ದೇವರ ಮುಂದೆ ಸಮ, ಆದರೆ ಕೆಲಸ ಬೇರೆ ಬೇರೆ, ಆಳುವ ಕೆಲಸ ಗಂಡಸಿನದು ಎಂಬ ವಾದ. 1987ರಲ್ಲಿ ಅಮೆರಿಕದ ಡ್ಯಾನ್‌ವರ್ಸ್ ಊರಿನಲ್ಲಿ ಕೆಲವರು ಕೂತು ಇದನ್ನು ಹೇಳಿಕೆಯಾಗಿ ಬರೆದರು. ಇವತ್ತು ಹೊಸ ಚರ್ಚುಗಳನ್ನು ಕಟ್ಟುವ ಆಕ್ಟ್ಸ್ 29ನಂಥ ದೊಡ್ಡ ನೆಟ್‌ವರ್ಕ್ ಹಿಡಿದಿರುವುದೂ ಇದೇ ನಿಲುವು. ಅಮೆರಿಕದ ದೊಡ್ಡ ಪ್ರೊಟೆಸ್ಟಂಟ್ ಪಂಥವಾದ ಸದರ್ನ್ ಬ್ಯಾಪ್ಟಿಸ್ಟರಂತೂ ಹೆಂಗಸರನ್ನು ಪಾಸ್ಟರ್ ಮಾಡಿದ್ದಕ್ಕೆ 2023ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚನ್ನೇ ಹೊರಗೆ ಹಾಕಿದರು. ಅದು ಅವರ ಅತಿ ದೊಡ್ಡ ಚರ್ಚುಗಳಲ್ಲಿ ಒಂದಾಗಿತ್ತು!

ಕೋಲಾರದವನಿಗೆ ಇದು ಗಂಟಲಲ್ಲಿ ಇಳಿಯಲ್ಲ. ನಮ್ಮೂರಿನ ಇ.ಟಿ.ಸಿ.ಎಂ. ಆಸ್ಪತ್ರೆ ಗೊತ್ತಲ್ವಾ? 1910ರಲ್ಲಿ ಮೆಥೊಡಿಸ್ಟ್ ಮಿಷನ್ ಕಟ್ಟಿದ್ದು. ಎಲೆನ್ ಥೋಬರ್ನ್ ಕೋವನ್ ಅನ್ನುವ ಹೆಣ್ಣುಮಗಳ ಹೆಸರಿನಲ್ಲೇ ಇದೆ. ಅಮೆರಿಕದ ಮೆಥೊಡಿಸ್ಟ್ ಹೆಂಗಸರು 1869ರಲ್ಲಿ ತಮ್ಮದೇ ಮಿಷನ್ ಸಂಘ ಕಟ್ಟಿಕೊಂಡು, ತಾವೇ ಕಾಸು ಕೂಡಿಸಿ, ಇಸಬೆಲ್ಲಾ ಥೋಬರ್ನ್ ಎಂಬ ಟೀಚರನ್ನೂ ಕ್ಲಾರಾ ಸ್ವೇನ್ ಎಂಬ ಡಾಕ್ಟರನ್ನೂ ಹಿಂದೂಸ್ತಾನಕ್ಕೆ ಕಳಿಸಿದ್ದರು. ಪರದೆಯ ಒಳಗಿನ ಹೆಂಗಸರ ಹತ್ತಿರ ಗಂಡು ಡಾಕ್ಟರು ಹೋಗುವಂತಿರಲಿಲ್ಲ, ಗಂಡು ಪಾದ್ರಿಯೂ ಹೋಗುವಂತಿರಲಿಲ್ಲ. ಸುವಾರ್ತೆ ಹೋಗಿದ್ದರೆ ಹೆಂಗಸರ ಕೈಯಲ್ಲೇ ಹೋಗಬೇಕಿತ್ತು. ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತಿದ್ದ ನಮ್ಮವರೇ ಆದ ಹೆಂಗಸರಿಗೆ ‘ಬೈಬಲ್ ವುಮನ್’ ಅಂತ ಹೆಸರಿತ್ತು, ಅದು ಸಂಬಳದ ಕೆಲಸ. 1956ರಲ್ಲಿ ಮೆಥೊಡಿಸ್ಟರು ಹೆಂಗಸರಿಗೆ ಪಾದ್ರಿ ಪಟ್ಟದ ಪೂರ್ತಿ ಹಕ್ಕು ಕೊಟ್ಟರು. ಅತ್ತ ತುಮಕೂರಿನ ವೆಸ್ಲಿಯನ್ನರು (ಬ್ರಿಟನ್ ಕಡೆಯ ಮೆಥೊಡಿಸ್ಟರು) ಸೇರಿಕೊಂಡ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ 2013ರಲ್ಲಿ ನಂದ್ಯಾಲಕ್ಕೆ ಹೆಣ್ಣುಮಗಳನ್ನೇ ಬಿಷಪ್ ಮಾಡಿತು.

ಹಾಗಂತ ಕೋಲಾರದಲ್ಲಿ ಎಲ್ಲ ಸರಿಯಿದೆ ಅನ್ನಲ್ಲ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ನಮ್ಮ ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಕಟ್ಟಿದ ನಾಟಿ ಕೋಳಿಯನ್ನು ಎತ್ತಿ ಹಿಡಿದು ‘ಒಂದ್ಸಲ, ಎರಡ್ಸಲ’ ಅಂತ ಕೂಗಿದರೆ, ಐನೂರರ ಕೋಳಿ ಎರಡು ಸಾವಿರಕ್ಕೆ ಹೋಗುತ್ತಿತ್ತು. ಕೊಳ್ಳದವರನ್ನು ಹೆಸರು ಹಿಡಿದು ಕರೆಯುತ್ತಿದ್ದರು, ಬೇಕಾದರೆ ತೆಲುಗಿನಲ್ಲೂ. ಟೊಮೇಟೊ ಬಾಕ್ಸು, ರಾಗಿ ಮೂಟೆ, ಕುಂಬಳಕಾಯಿ ಎಲ್ಲ ಅವರ ಕೈಮೇಲೇ ಮಾರಾಟ. ಸಂಜೆ ಆ ದುಡ್ಡು ಎಣಿಸುವ ಮೇಜಿನ ಸುತ್ತ ಕೂರುತ್ತಿದ್ದವರು ಬರೀ ಗಂಡಸರು. ಆದರೆ ‘ಇದು ದೇವರ ಚಿತ್ತ’ ಅಂತ ಅವರ್ಯಾರೂ ಹೇಳುತ್ತಿರಲಿಲ್ಲ. ಅದು ಊರಿನ ರೂಢಿ, ರೂಢಿಯನ್ನು ಮುಂದಿನ ಎಲೆಕ್ಷನ್ನಿನಲ್ಲಿ ಮುರಿಯಬಹುದು. ಮೌಲ್ಯ ಅಂತ ಅಚ್ಚು ಹಾಕಿಸಿ ಕೆಳಗೆ ವಚನದ ನಂಬರು ಕೊಟ್ಟರೆ ಮುರಿಯೋದು ಕಷ್ಟ.

ಇಲ್ಲಿನ ಹಿರಿಯರೊಬ್ಬರನ್ನು ಈ ಬಗ್ಗೆ ಕೇಳಿದೆ. ಒಳ್ಳೇ ಮನುಷ್ಯ, ಸಿಟ್ಟಾಗಲಿಲ್ಲ. ಬೈಬಲ್ಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ ತೆಗೆದು, ಹೆಂಗಸು ಉಪದೇಶ ಮಾಡಬಾರದು ಅಂತ ಅಪೊಸ್ತಲ ಪೌಲ ಬರೆದಿದ್ದಾನಲ್ಲ ಅಂದರು. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೇ ಅಧ್ಯಾಯದಲ್ಲಿ ಫೊಯಿಬೆಯನ್ನು ಸಭೆಯ ಸೇವಕಿ ಅಂತ ಮೊದಲು ಹೆಸರಿಸಿ, ಆಕೆಗೆ ಬೇಕಾದ ಸಹಾಯ ಮಾಡಿ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಓದಬೇಕು ಅಂದೆ. ನನ್ನ ಹೆಂಡತಿಗೆ ಮಕ್ಕಳ ಕ್ಲಾಸು ನಡೆಸುವುದಕ್ಕೆ ಅಡ್ಡಿಯಿಲ್ಲ, ಬಜೆಟ್ ಮೀಟಿಂಗಿನಲ್ಲಿ ಹಿರಿಯರ ಸಾಲಿನಲ್ಲಿ ಕೂರುವಂತಿಲ್ಲ. ಅವಳು ವೃತ್ತಿಯಲ್ಲಿ ಅಕೌಂಟೆಂಟು.

ಬೈಬಲ್ಲನ್ನು ಬಿಗಿಯಾಗಿ ಹಿಡಿದವರೆಲ್ಲ ಹೀಗೆ ಅಂದುಕೊಳ್ಳಬೇಡಿ. ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟಲ್ ಪಂಥದವರು 1935ರಿಂದಲೇ ಹೆಂಗಸರಿಗೆ ಪಾಸ್ಟರ್ ಪಟ್ಟ ಕೊಡುತ್ತಿದ್ದಾರೆ, ಅವರ ನಂಬಿಕೆಯೇನೂ ಸಡಿಲವಾಗಿಲ್ಲ.

ಈಗ ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯೂ ಸ್ವತಂತ್ರ ಸಭೆಗಳು ಜಾಸ್ತಿಯಾಗಿವೆ. ಊರಿನ ಹುಡುಗರು ಕೆಲವರು ಫೋನ್ ಮಾಡಿ, ‘ಅಣ್ಣಾ, ನಿಮ್ಮ ಚರ್ಚಿನ ಹೇಳಿಕೆ ಕಳಿಸಿ, ಕನ್ನಡಕ್ಕೆ ಮಾಡಿಕೊಳ್ಳುತ್ತೇವೆ’ ಅಂತಾರೆ. ನಂಬಿಕೆಯ ಭಾಗವನ್ನು ಪೂರ್ತಿ ಕಳಿಸಿದ್ದೇನೆ. ಸಾಕ್ಷಿ ಕೇಳುವ ಪದ್ಧತಿಯನ್ನೂ ವಿವರವಾಗಿ ಬರೆದಿದ್ದೇನೆ. ಮೌಲ್ಯಗಳ ಪಟ್ಟಿ ಕಳಿಸಿಲ್ಲ. ಅದನ್ನು ನೀವೇ ಬರೆಯಿರಿ, ಬರೆಯಲು ಕೂರುವ ದಿನ ನಿಮ್ಮ ಸಭೆಯ ಹೆಂಗಸರನ್ನೂ ಕರೆಯಿರಿ, ಕಾಫಿ ಮಾಡುವುದಕ್ಕಲ್ಲ ಅಂತ ಹೇಳಿದ್ದೇನೆ.