ನೆರಳು ಮರ ಇಲ್ಲದ ಕಾಫಿ ತೋಟ

ಬೆಳಿಗ್ಗೆಯಿಂದ ತಲೆ ಕೆಟ್ಟು ಹೋಗಿದೆ. ನಮ್ಮ ಮನೆಯವರ ವಾಟ್ಸ್ಆಪ್ ಗ್ರೂಪಿಗೆ ಮಾವ ಒಂದು ಚುನಾವಣಾ ಪೋಸ್ಟರ್ ಹಾಕಿದರು. ಕೈಮುಗಿದು ನಿಂತ ಅಭ್ಯರ್ಥಿ, ಪಕ್ಕದಲ್ಲಿ 'ಕೊಡಗಿನ ಬೆಳೆಗಾರರ ಆಪ್ತಮಿತ್ರ' ಅಂತ ದಪ್ಪಕ್ಷರ, ಹಿಂದೆ ಕಾಫಿ ತೋಟ.

ತೋಟದಲ್ಲಿ ಕಾಫಿಗೆ ನೆರಳು ಕೊಡುವ ಸಿಲ್ವರ್ ಮರ ಒಂದೇ ಒಂದು ಇಲ್ಲ! ಮೆಣಸಿನ ಬಳ್ಳಿ ಇಲ್ಲ. ಬಟಾಬಯಲು, ಗೆರೆ ಎಳೆದಂಥ ಸಾಲು, ಸಾಲಿನ ಮೇಲೆ ಬಸ್ಸಿನಷ್ಟು ಎತ್ತರದ ಕೊಯ್ಲಿನ ಯಂತ್ರ. ನಮ್ಮ ಸುಂಟಿಕೊಪ್ಪದ ಇಳಿಜಾರಿಗೆ ಅದನ್ನು ಇಳಿಸಿದರೆ ಹಾರಂಗಿ ಹೊಳೆಯಲ್ಲೇ ನಿಲ್ಲಬೇಕು. (ನನ್ನದೂ ಒಂದು ಪುಟ್ಟ ತೋಟ ಇದೆ, ನಗಬೇಡಿ.) ಫೋಟೋ ಎಲ್ಲಿಯದು ಅಂತ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿದೆ. ಬ್ರೆಜಿಲ್. ಅರ್ಧ ನಿಮಿಷದ ಕೆಲಸ.

ಹಾಗಂತ ಗ್ರೂಪಿನಲ್ಲಿ ಬರೆದೆ ನೋಡಿ, ಶುರುವಾಯಿತು. 'ನಿಂಗೆ ಬೇರೆ ಕೆಲಸ ಇಲ್ವಾ?' 'ನೀನು ಆ ಪಾರ್ಟಿಯವನಾ?' ಸುಳ್ಳು ಫೋಟೋ ಹಾಕಿದವರ ಮೇಲೆ ಯಾರಿಗೂ ಸಿಟ್ಟಿಲ್ಲ. ಸಿಟ್ಟೆಲ್ಲ ಹುಡುಕಿದವನ ಮೇಲೆ. ನಲವತ್ತು ವರ್ಷ ಕಾಫಿ ಕೊಯ್ಸಿದ ಮಾವನಿಗೂ ನೆರಳು ಮರ ಇಲ್ಲದ್ದು ಕಾಣಲಿಲ್ಲವಲ್ಲ!

ಈ ಹುಡುಕುವ ಚಟ ಹೊಸದೇನಲ್ಲ. 2004ರಲ್ಲಿ ಅಮೆರಿಕದಲ್ಲಿ ಬುಷ್ ಪ್ರಚಾರದ ಟಿವಿ ಜಾಹೀರಾತಿನಲ್ಲಿ ಸೈನಿಕರ ದೊಡ್ಡ ಗುಂಪಿತ್ತು. ಅದರಲ್ಲಿ ಅವೇ ಮುಖಗಳು ಮತ್ತೆ ಮತ್ತೆ ಇವೆ ಅಂತ ಹಿಡಿದವರು ಬ್ಲಾಗ್ ಬರೆಯುವವರು. ಪ್ರಚಾರದವರು ಒಪ್ಪಿಕೊಂಡು ಚಿತ್ರ ಬದಲಾಯಿಸಿದರು. 2021ರಲ್ಲಿ ಉತ್ತರ ಪ್ರದೇಶದ ಅಭಿವೃದ್ಧಿಯ ಜಾಹೀರಾತಿನಲ್ಲಿ ಯೋಗಿಯವರ ಜೊತೆ ಬಂದದ್ದು ಕೋಲ್ಕತ್ತಾದ ಮೇಲ್ಸೇತುವೆ. ಅಲ್ಲಿನ ಹಳದಿ ಟ್ಯಾಕ್ಸಿಯನ್ನೂ ತೆಗೆದಿರಲಿಲ್ಲ! ತಪ್ಪು ನಮ್ಮದು ಅಂತ ಕೊನೆಗೆ ಜಾಹೀರಾತು ಅಚ್ಚು ಹಾಕಿದ ಪತ್ರಿಕೆಯೇ ಹೇಳಿತು. ಆ ಕಡೆಯವರು ಬಿದ್ದು ಬಿದ್ದು ನಗಬೇಡಿ. 2018ರಲ್ಲಿ ಕಾಂಗ್ರೆಸ್ಸಿನ ದಿಗ್ವಿಜಯ ಸಿಂಗ್ ಭೋಪಾಲದ ಸೇತುವೆಯ ಬಿರುಕು ಅಂತ ಹಾಕಿದ್ದು ಪಾಕಿಸ್ತಾನದ ರಾವಲ್ಪಿಂಡಿಯ ಫೋಟೋ. ಆಮೇಲೆ ಕ್ಷಮೆ ಕೇಳಿದರು.

'ಡಿಸೈನ್ ಮಾಡೋ ಹುಡುಗನಿಗೆ ಏನು ಗೊತ್ತು, ಸುಮ್ನೆ ಅಂದಕ್ಕೆ ಹಾಕಿರ್ತಾನೆ' ಅಂದರು ಚಿಕ್ಕಪ್ಪ. ಇರಬಹುದು. ಆದರೆ ಬೆಳೆಗಾರರ ಮಿತ್ರನಿಗೆ ಫೋಟೋ ತೆಗೆಯಲು ಕೊಡಗಿನಲ್ಲಿ ಒಂದು ತೋಟ ಸಿಗಲಿಲ್ವಾ? ಕೇಳಿದ್ದರೆ ನನ್ನದನ್ನೇ ಬಿಟ್ಟಿ ಕೊಡುತ್ತಿದ್ದೆ, ಕಾಫಿಯನ್ನೂ ಕುಡಿಸಿ.

ಇಷ್ಟೆಲ್ಲ ಹಾರಾಡುತ್ತೇನಲ್ಲ, ಒಂದು ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ನಾನೂ ಒಂದು ಫೋಟೋ ಕಳಿಸಿದ್ದೆ, 'ನಮ್ಮ ಕಡೆಯ ಸ್ಥಿತಿ ನೋಡಿ' ಅಂತ. ಅದು ಯಾವುದೋ ಹೊರದೇಶದ ಗುಡ್ಡ. ಇಲ್ಲಿ ಕರೆಂಟಿಲ್ಲ, ಫೋನಿಲ್ಲ. ಬೆಂಗಳೂರಿನಲ್ಲಿದ್ದ ಅಕ್ಕ ಆ ಫೋಟೋ ಹಿಡಿದುಕೊಂಡು ರಾತ್ರಿಯೆಲ್ಲ ಅತ್ತಿದ್ದಳು. ಫೋಟೋ ಸುಳ್ಳು ಅಂತ ನನಗೆ ವಾರದಲ್ಲೇ ಗೊತ್ತಾಯಿತು. ಅಕ್ಕನಿಗೆ ಹೇಳಲಿಲ್ಲ. ಅಕ್ಕಾ, ಇದನ್ನು ಓದಿದರೆ ಫೋನ್ ಮಾಡಿ ಬೈಯಿ.

ಇಷ್ಟು ಬರೆಯುವಷ್ಟರಲ್ಲಿ ಮಾವ ಮತ್ತೆ ಕಳಿಸಿದರು, 'ಸರಿ ಮಾಡಿದ್ದಾರೆ ನೋಡು' ಅಂತ. ನೋಡಿದೆ. ಅದೇ ಅಭ್ಯರ್ಥಿ, ಅದೇ ದಪ್ಪಕ್ಷರ. ಹಿಂದೆ ಈ ಸಲ ಟೀ ತೋಟ.